ಹೊಗೆಯಾಡುವ ಕ್ಯಾನು

"ಹೊರಗ ನಿಲ್ಲಲೇ ಸರ್ದಾರ. ಇದು ಖಿಮಾ ಕುಟ್ಟೂ ಜಾಗಾ ಅಲ್ಲ."

ವ್ಯಂಕಟೇಶ ಸಾಹೇಬರು ಹಾಗೆಂದಾಗ ಆಳಂದದ ದನದ ದವಾಖಾನೆಯ ಅಂಗಳದಲ್ಲಿ ಎಮ್ಮೆ ಹಿಡಿದು ನಿಂತವರೆಲ್ಲ ನಕ್ಕರು. ಕಂಪೌಂಡರ್ ದೌಲತರಾಯನಂತೂ ಕೆಮ್ಮು ಬರುವ ತನಕ ನಕ್ಕ. ಸರ್ದಾರ ಒಳಗಿಟ್ಟಿದ್ದ ಒಂದು ಕಾಲನ್ನು ಹಿಂದೆ ತೆಗೆದ. ನಕ್ಕವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಒಳಗೆ ಬಿಳಿ ಕೋಟು ತೊಟ್ಟು, ನಗದೆ, ತಲೆ ತಗ್ಗಿಸಿ ನಿಂತಿದ್ದ ಚಾಂದಪಾಶಾನ ಮೇಲೆ ಬಂತು.

ಚಾಂದಪಾಶಾ ಅವನ ಖಾಲಾನ, ಅಂದರೆ ತಾಯಿಯ ತಂಗಿಯ ಮಗ, ಹತ್ತನೇ ಪಾಸಾದವನು. ಸರ್ದಾರ ಐದನೇ ಇಯತ್ತೆಗೇ ಪಾಟಿ ಎಸೆದು ಅಪ್ಪನ ಮಟನ್ ಅಂಗಡಿಯಲ್ಲಿ ಕತ್ತಿ ಹಿಡಿದವನು. ಎಂಬತ್ತಾರರಲ್ಲಿ ಸಾಹೇಬರು ಗುಲಬರ್ಗಾದಿಂದ ಬಂದು, ದವಾಖಾನೆಯ ಹಿಂದಿನ ಕೋಣೆ ಬಾಡಿಗೆ ಹಿಡಿದು, ಔಷಧಿ ಪರೀಕ್ಷೆಗೆಂದು ಕುರಿಯ ಗ್ರಂಥಿಯ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಇಡುವ ಕೆಲಸ ಶುರು ಮಾಡಿದಾಗ ಮೊದಲು ಹುಡುಕಿ ಬಂದದ್ದು ಸರ್ದಾರನ ಅಂಗಡಿಗೆ. ಗಂಟಲ ನಾಳಕ್ಕೆ ಅಂಟಿದ ಆ ಕೆಂಪು ಗ್ರಂಥಿಯನ್ನು ಬಿಸಿ ಆರುವ ಮೊದಲೇ ಬಿಡಿಸಿ, ಬರ್ಫಿನ ಡಬ್ಬಿಯಲ್ಲಿಟ್ಟು, ಸೈಕಲ್ ತುಳಿದು ತಂದುಕೊಡುತ್ತಿದ್ದವನು ಅವನೇ. ಕುರಿ ತನ್ನದು, ಕೈ ತನ್ನದು. ಆದರೆ ಕೋಣೆಯ ಒಳಗಿನ ಕೆಲಸಕ್ಕೆ ಆಳು ಬೇಕಾದಾಗ ಕರೆದದ್ದು ಚಾಂದಪಾಶಾನನ್ನು. ಸತ್ತ ಕುರಿಯ ತುಣುಕು ಇನ್ನೂ ಬದುಕಿರುತ್ತದೆ, ಸೂಕ್ಷ್ಮ ಕಾಣಿಸುವ ದುರ್ಬೀನಿನಲ್ಲಿ ಮಿಣಮಿಣ ಎನ್ನುತ್ತದೆ ಎಂದು ಅವನು ಬಣ್ಣಿಸುವಾಗ ಸರ್ದಾರನ ಹೆತ್ತ ತಾಯಿ ಗೌಸಿಯಾಬೇಗಂ ಕೂಡ ಬಾಯಿ ತೆರೆದು ಕೇಳುತ್ತಿದ್ದಳು. ಸರ್ದಾರನ ಬಾಯಲ್ಲಿನ ರೊಟ್ಟಿ ಮಣ್ಣಾಗುತ್ತಿತ್ತು.

ಕಿಟಕಿಯಿಂದ ಅವನು ಎಲ್ಲವನ್ನೂ ನೋಡಿದ್ದ. ಜೀವಕೋಶ ಕಲಸಿದ ನೀರನ್ನು ಚಾಂದಪಾಶಾ ಸಣ್ಣ ಶೀಶೆಗಳಿಗೆ ತುಂಬಿ, ಥಂಡಿಯನ್ನು ಬೇಗ ಒಳಗೆ ಬಿಡದ ಥರ್ಮೊಕೋಲ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಫ್ರೀಜರಿನಲ್ಲಿ ಮುಚ್ಚಿಡುತ್ತಿದ್ದ. ಬರ್ಫಿಗಿಂತ ಎಷ್ಟೋ ಥಂಡಿಯ, ಹೊಗೆಯಾಡುವ ನೈಟ್ರೋಜನ್ ಕ್ಯಾನಿಗೆ ಅವು ಇಳಿಯುತ್ತಿದ್ದದ್ದು ಮರುದಿನ. ಸರ್ದಾರನಿಗೆ ಒಳಗೊಳಗೇ ನಗು. ಆಳಂದದ ಬಿಸಿಲಿನಲ್ಲಿ ಮಾಂಸಕ್ಕೆ ಕೂಡಲೇ ಬರ್ಫು ಬೀಳದಿದ್ದರೆ ನಾರುತ್ತದೆ. ಇಷ್ಟು ತಿಳಿಯದವನಿಗೆ ಬಿಳಿ ಕೋಟು ಬೇರೆ. ಒಂದು ಸಲ ಶೀಶೆಗಳಿಗೆ ನೆಟ್ಟಗೆ ಥಂಡಿ ತಗುಲಲಿ, ಮಾಲು ತಾಜಾ ಉಳಿಯಲಿ, ಆಗ ಸಾಹೇಬರೇ ಕೇಳುತ್ತಾರೆ ಇದು ಯಾರ ಕೈ ಎಂದು.

ಅವಕಾಶ ಕೊಟ್ಟವನೂ ಚಾಂದಪಾಶಾನೇ. ಸಾಹೇಬರು ಜೇವರ್ಗಿಗೆ ಹೋದ ದಿನ, ಉಂಡು ಬರುತ್ತೇನೆ, ಅಷ್ಟೊತ್ತು ಒಳಗೆ ಕೂಡ್ರು ಭಾಯ್ ಎಂದು ಕೀಲಿಯನ್ನೇ ಕೈಗಿಟ್ಟ. ಆಗಷ್ಟೇ ಡಬ್ಬಿ ಸೇರಿದ್ದ, ಇನ್ನೂ ನೀರಾಗಿಯೇ ಇದ್ದ ಶೀಶೆಗಳನ್ನು ಸರ್ದಾರ ಫ್ರೀಜರಿನಿಂದ ತೆಗೆದ. ಉದ್ದ ಹಿಡಿಕೆಯ ಬಟ್ಟಲಿನಲ್ಲಿ ಇಟ್ಟು ಕ್ಯಾನಿನೊಳಗೆ ಇಳಿಸಿದ. ಒಳಗೆ ಕೊತಕೊತ ಸದ್ದು. ಶೀಶೆಗಳು ಕಲ್ಲಾದ ಮೇಲೆ ಮತ್ತೆ ಡಬ್ಬಿಗೆ ಸೇರಿಸಿ, ಏನೂ ಆಗದವನಂತೆ ಕೂತ.

ಮುಂದಿನ ವಾರ ಅವನು ಬರ್ಫಿನ ಡಬ್ಬಿ ಹಿಡಿದು ಬಂದಾಗ ಚಾಂದಪಾಶಾನ ಮೈಮೇಲೆ ಕೋಟಿರಲಿಲ್ಲ. ಅಂಗಳದ ಜನ ಬಾಗಿಲಿಗೆ ಬಂದು ಇಣುಕುತ್ತಿದ್ದರು. ಸಾಹೇಬರು ಸರ್ದಾರನನ್ನು ತಾವಾಗಿ ಒಳಗೆ ಕರೆದು, ದುರ್ಬೀನಿಗೆ ಕಣ್ಣು ಹಚ್ಚು ಎಂದರು.

ಬೆಳಕಿನ ಬಟ್ಟಲಿನ ತುಂಬ ನೀಲಿ ಕಾಳುಗಳು, ಇಳಕಲ್ ಸೀರೆಯ ಬುಟ್ಟಾಗಳಂತೆ. ಇವು ತನ್ನವು. ಇಷ್ಟು ದಿನ ಚಾಂದಪಾಶಾ ಒಬ್ಬನೇ ನೋಡಿದ್ದು ಇದನ್ನು.

"ಭಾಳ ಚಂದ ಅದಾವ್ರಿ ಸಾಹೇಬ್ರ."

"ಚಂದ ಏನ್ ಬಂತು? ಬಣ್ಣಾ ಹಾಕಿ ನೋಡೀನಿ. ಜೀವ ಇದ್ದದ್ದು ನೀಲಿ ಕುಡಿಯಂಗಿಲ್ಲ. ಇವು ಅಷ್ಟೂ ಸತ್ತಾವ." ಸಾಹೇಬರ ದನಿ ಸಣ್ಣಗಾಗಿತ್ತು. "ಮೆಲ್ಲಕ ಹೆಪ್ಪುಗಟ್ಟಿದ್ರ ಉಳೀತಾವ. ಒಮ್ಮಿಗೇ ಥಂಡಿ ಹತ್ತಿದ್ರ ಒಳಗ ಬರ್ಫ್ ಮುಳ್ಳೆದ್ದು ಒಡೀತಾವ. ಈ ಚಾಂದಪಾಶಾ ಉಣ್ಣಾಕ ಮನಿಗಿ ಓಡೂ ಅವಸರದಾಗ ಸೀದಾ ಕ್ಯಾನಿಗಿ ಹಾಕ್ಯಾನ."

ಮೂಲೆಯಲ್ಲಿದ್ದ ಕೋಟನ್ನು ಎತ್ತಿ ಸರ್ದಾರನ ಮುಂದೆ ಹಿಡಿದರು. ನಾಳೆಯಿಂದ ನೀನೇ ಬಾ, ಓದು ಬರದಿದ್ದರೂ ನಡೆಯುತ್ತದೆ, ನಿಯತ್ತು ಇದ್ದರೆ ಸಾಕು ಎಂದರು.

ಚಾಂದಪಾಶಾ ಹತ್ತಿರ ಬಂದ. ಅವನ ಕಣ್ಣಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅದನ್ನೇ ಸರ್ದಾರನಿಗೆ ತಾಳಲಾಗಲಿಲ್ಲ.

"ಭಾಯ್, ಅವತ್ತ ನೀ ಇಲ್ಲೇ ಇದ್ದಿ. ನಾ ಡಬ್ಬಿ ಫ್ರೀಜರ್‌ದಾಗ ಇಟ್ಟೇ ಹೋಗೀನಂತ ನೀನರೆ ಹೇಳು."

ಸರ್ದಾರನ ಕೈ ಕೋಟಿನ ತನಕ ಹೋಗಿ ನಿಂತಿತು. ಬಟ್ಟೆ ಇನ್ನೂ ಬೆಚ್ಚಗಿತ್ತು. ಅವನು ಕೈ ಹಿಂದಕ್ಕೆಳೆದುಕೊಂಡು, ಬಾಗಿಲಲ್ಲಿ ನಿಂತವರನ್ನು ಸರಿಸಿ ಬಜಾರದ ಕಡೆ ನಡೆದುಬಿಟ್ಟ.