ಮಾರಕ್ಕ ಒದೆಯದ ಬೆನ್ನು

ಮಾರಕ್ಕ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರ ಕಾಲು ಸೋಕಿದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಚಂದಾಪುರದ ಸುತ್ತಿನ ಹಳ್ಳಿಗಳಲ್ಲಿ ಮೂಟೆ ಎತ್ತಿ, ನೀರು ಸೇದಿ, ಕಳೆ ಕಿತ್ತು ಸೊಂಟ ಹಿಡಿದವರು ಬೆಳಗಿನ ಹೊತ್ತು ಅವಳ ಹೊಸ್ತಿಲ ಮುಂದೆ ಬಂದು ಬೋರಲು ಮಲಗುತ್ತಿದ್ದರು. ಅವಳು ಎಡಗಾಲಿನ ಹೆಬ್ಬೆರಳನ್ನು ಬೆನ್ನುಮೂಳೆಯ ಗುಂಟ ಮೇಲಿಂದ ಕೆಳಕ್ಕೆ ಮೆಲ್ಲಗೆ ಎಳೆದು, ಆಮೇಲೆ ಮೂರು ಸಲ ಒದೆಯುತ್ತಿದ್ದಳು. ಒದೆತ ಅಂತ ಹೆಸರಿಗೆ, ಮಲಗಿದ ಮಗುವೂ ಏಳದಷ್ಟು ಹಗುರ. ನಲವತ್ತು ವರ್ಷಗಳಲ್ಲಿ ಎಷ್ಟೋ ಬೆನ್ನುಗಳು ಆ ಹೆಬ್ಬೆರಳಿನ ಕೆಳಗೆ ಹಾದುಹೋಗಿದ್ದವು.

ಆದರೆ ಎಂಬತ್ತಾರನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ತನ್ನ ಅಣ್ಣನ ಮಗ ಗೋಪಾಲಪ್ಪ ಬಂದು ಮಲಗಿದಾಗ ಅವಳ ಬೆರಳು ಸೊಂಟದ ಹತ್ತಿರ ನಿಂತುಬಿಟ್ಟಿತು. ಇನ್ನೊಂದು ಸಲ ಎಳೆದು ನೋಡಿದಳು. ಅದೇ ಜಾಗದಲ್ಲಿ ಬೆರಳು ಸಣ್ಣ ಮೆಟ್ಟಿಲೊಂದನ್ನು ಇಳಿದ ಹಾಗೆ ಆಯಿತು. ಕಾಲು ಹಿಂದಕ್ಕೆ ತೆಗೆದುಕೊಂಡಳು.

“ಏಳೋ ಮ್ಯಾಲಕ್ಕೆ. ಇದು ನನ್ ಕಾಲಿನ ಕೆಲ್ಸ ಅಲ್ಲ.”

“ಯಾಕತ್ತೆ?”

“ಮೂಳೆ ಜಾರ್ದಂಗೈತೆ. ನೋವು ಕಾಲಿಗೆ ಇಳೀತದಾ?”

“ನಿಂತ್ರೆ ಇಳೀತದೆ. ಎರಡೂ ಕಾಲು ಸೀಸ ತುಂಬ್ದಂಗಾಯ್ತದೆ. ಕುಂತ್ರೆ ಓಯ್ತದೆ.”

“ಅಂಗಾರೆ ದೊಡ್ಡಾಸ್ಪತ್ರೆಗೆ ಓಗು. ನಾನು ಒದ್ದು ನೀನು ಕಾಲು ಕಳ್ಕೊಂಡ್ರೆ, ಅನುಸೂಯಾಗೆ ನಾನೇನಂತ ಏಳ್ಲಿ?”

ಗೋಪಾಲಪ್ಪನಿಗೆ ಮೂವತ್ತಾರು. ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಮಿಷನ್ನಿನ ಮುಂದೆ ಎಂಟು ಗಂಟೆ ನಿಂತು ಮಾಡುವ ಕೆಲಸ. ಈಗ ಹತ್ತು ನಿಮಿಷ ನಿಂತರೆ ಹೆಚ್ಚು. ಮಿಷನ್ನಿನ ಬುಡದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಮನೆಯಲ್ಲೂ ಅಷ್ಟೇ. ಹೆಂಡತಿ ಅನುಸೂಯಮ್ಮ ಬಚ್ಚಲಲ್ಲಿ ಅವನಿಗೆಂದು ಒಂದು ಮಣೆ ಹಾಕಿಟ್ಟಿದ್ದಳು. ಜಾರಿದ ಮೂಳೆಗಳನ್ನು ಒಂದಕ್ಕೊಂದು ಕೂಡಿಸುವ ಆಪರೇಷನ್ ಬೆಂಗಳೂರಿನಲ್ಲಿ ಮಾಡುತ್ತಾರೆ, ಆದರೆ ಎಲ್ಲರಿಗೂ ಮಾಡುವುದಿಲ್ಲ, ಡಾಕ್ಟರು ಆರಿಸುತ್ತಾರೆ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಆರಿಸಿಕೊಂಡರೆ ನಿಲ್ಲಬಹುದು, ಇಲ್ಲದಿದ್ದರೆ ಇಷ್ಟೇ ಎಂದು ಗೋಪಾಲಪ್ಪನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಆರಿಸಿಕೊಳ್ಳುವ ಹಾಗೆ ಮಾಡುವುದು ಹೇಗೆಂದು ಪಕ್ಕದ ಮಿಷನ್ನಿನ ಶ್ಯಾಮಣ್ಣ ಹೇಳಿಕೊಟ್ಟ. ರಜೆ ಗಿಟ್ಟಿಸುವುದರಲ್ಲಿ ಅವನದು ಎತ್ತಿದ ಕೈ.

“ಸ್ವಲ್ಪ ನೋವು ಅಂದ್ಯೋ, ಮಾತ್ರೆ ಬರೆದು ಕಳಿಸ್ತಾರೆ ಗುರು. ಮುಟ್ಟಿದ ಕಡೆಯೆಲ್ಲಾ ಅಯ್ಯಪ್ಪಾ ಅನ್ನು. ನಾನು ಬರೀ ಹಲ್ಲುನೋವಿಗೆ ಹದಿನೈದು ದಿನ ರಜೆ ತಗೊಂಡಿಲ್ವಾ?”

ಗೋಪಾಲಪ್ಪನಿಗೆ ಅದು ಸರಿಯೆನಿಸಿತು. ಯಾವ ಕಚೇರಿಯಲ್ಲೇ ಆಗಲಿ, ಎರಡಾಣೆ ಕಷ್ಟವನ್ನು ಎಂಟಾಣೆ ಮಾಡಿ ಹೇಳದೆ ಕೆಲಸ ಆದದ್ದನ್ನು ಅವನು ಕಂಡಿರಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿನ ಡಾಕ್ಟರು ಹನುಮಂತರಾಯಪ್ಪನವರು ಗುರುವಾರ ನೋಡುತ್ತಿದ್ದರು. ಗೋಪಾಲಪ್ಪ ಹೊರಟಾಗ ಮಾರಕ್ಕ ಕರೆಯದಿದ್ದರೂ ಸೆರಗು ಕೊಡವಿಕೊಂಡು ಬಸ್ಸು ಹತ್ತಿದಳು. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಬೇಲಿ ದಾಟುವಾಗ ಗೋಪಾಲಪ್ಪ ಮೆಲ್ಲಗೆ ಹೇಳಿದ: “ಅತ್ತೆ, ಅಲ್ಲಿ ಒದೆಯೋ ವಿಷ್ಯ ಎತ್ಬೇಡ. ಓದಿದೋರು, ನಗ್ತಾರೆ.”

“ನಂಗೂ ನಾಚ್ಕೆ ಐತೆ ಕಣೋ,” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಡಾಕ್ಟರು ಐವತ್ತರ ಆಸುಪಾಸಿನ ನಿಧಾನದ ಮನುಷ್ಯ. ಕಾರ್ಖಾನೆಯ ಡಾಕ್ಟರು ತೆಗೆಸಿದ್ದ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಅದು ಮುಂದಿನಿಂದ ತೆಗೆದದ್ದು, ಮಸುಕಾಗಿತ್ತು. ಆಮೇಲೆ ಮೈ ಮುಟ್ಟಿ ನೋಡತೊಡಗಿದರು. ಬೆನ್ನಿನ ಚರ್ಮವನ್ನು ಎರಡು ಬೆರಳಲ್ಲಿ ಸುಮ್ಮನೆ ಹಿಡಿದರು. ಗೋಪಾಲಪ್ಪ “ಅಯ್ಯಪ್ಪಾ!” ಎಂದ. ನಡುನೆತ್ತಿಯ ಮೇಲೆ ಅಂಗೈ ಇಟ್ಟರು. “ಅಯ್ಯೋ, ಸೊಂಟ!” ಎಂದ. ಭುಜ, ಪಕ್ಕೆ, ಮೊಣಕಾಲು, ಎಲ್ಲದಕ್ಕೂ ಅದೇ. ಡಾಕ್ಟರು ಪೆನ್ನು ತೆಗೆದರು.

“ನಿಂಗೆ ಆಪರೇಷನ್ ಬೇಡಪ್ಪ. ವ್ಯಾಯಾಮ ತೋರಿಸಿಕೊಡ್ತಾರೆ, ಮಾಡು. ಮೈಯೆಲ್ಲಾ ನೋಯುತ್ತೆ ಅನ್ನೋರಿಗೆ ಬೆನ್ನು ಕುಯ್ದರೆ ನೋವು ಹೋಗಲ್ಲ, ಇನ್ನೊಂದು ಸೇರ್ಕೊಳ್ಳುತ್ತೆ.”

ಗೋಪಾಲಪ್ಪ ಅಂಗಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಮೂಲೆಯ ಸ್ಟೂಲಿನಿಂದ ಮಾರಕ್ಕ ಎದ್ದಳು.

“ಲೋ, ತಲೆ ಮುಟ್ಟಿದ್ರೆ ಸೊಂಟ ನೋಯ್ತದೇನೋ? ಯಾವನೋ ನಿಂಗೆ ಈ ನಾಟ್ಕ ಏಳ್ಕೊಟ್ಟೋನು?”

“ಶ್ಯಾಮಣ್ಣ,” ಎಂದ ಗೋಪಾಲಪ್ಪ, ನೆಲ ನೋಡುತ್ತ.

“ಅವ್ನ ಸೊಂಟ ನಂಗೆ ಸಿಗ್ಲಿ. ಅವತ್ತು ನಿಜ್ವಾಗ್ಲೂ ಒದೀತೀನಿ.” ಆಮೇಲೆ ಡಾಕ್ಟರ ಕಡೆ ತಿರುಗಿ ಕೈ ಮುಗಿದಳು. “ಸ್ವಾಮಿ, ನಾನು ಓದಿಲ್ಲ. ಕಾಲು ಮುಂದಾಗಿ ಉಟ್ಟಿದೀನಿ ಅಂತ ಊರೋರು ಉಳುಕಿಗೆ ನನ್ನತ್ರ ಬತ್ತಾರೆ. ನೀವು ನಗ್ರಿ, ಬೇಜಾರಿಲ್ಲ. ಇವನ ಬೆನ್ನಾಗೆ ಒಂದು ಮೆಟ್ಲೈತೆ. ನನ್ ಹೆಬ್ಬೆಟ್ಟಿಗೆ ಸಿಕ್ತು. ಅದಕ್ಕೇ ನಾನು ಒದೀಲಿಲ್ಲ.”

ಡಾಕ್ಟರು ನಗಲಿಲ್ಲ. ಗೋಪಾಲಪ್ಪನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಬೆನ್ನುಮೂಳೆಯ ಮೇಲೆ ಬೆರಳು ಇಳಿಸುತ್ತ ಬಂದರು.

“ಇಲ್ಲೇನಮ್ಮಾ?”

“ಇನ್ನೊಂದು ಗೆಣ್ಣು ಕೆಳಗೆ ಸ್ವಾಮಿ.”

ಬೆರಳು ನಿಂತಿತು. ಅವರು ಬರೆದದ್ದರ ಮೇಲೆ ಒಂದು ಗೆರೆ ಎಳೆದು, “ನಿಂತು, ಪಕ್ಕದಿಂದ. ಒಂದು ಸಲ ಮುಂದಕ್ಕೆ ಬಾಗಿ, ಒಂದು ಸಲ ಹಿಂದಕ್ಕೆ ಬಾಗಿ ತೆಗೆಸಿಕೊಂಡು ಬಾ,” ಎಂದು ಹೊಸ ಎಕ್ಸ್‌ರೇಗೆ ಚೀಟಿ ಕೊಟ್ಟರು.

ಮಧ್ಯಾಹ್ನ ಎರಡು ಫಿಲಂಗಳನ್ನೂ ಅಕ್ಕಪಕ್ಕ ಹಿಡಿದು ತೋರಿಸಿದರು. ಮುಂದಕ್ಕೆ ಬಾಗಿದಾಗ ಒಂದು ಮೂಳೆ ತನ್ನ ಕೆಳಗಿನದರ ಮೇಲಿಂದ ಮುಂದಕ್ಕೆ ಸರಿದಿತ್ತು, ಹಿಂದಕ್ಕೆ ಬಾಗಿದಾಗ ಅರ್ಧ ಹಿಂದೆ ಬಂದಿತ್ತು. ಹೀಗೆ ಅಲ್ಲಾಡುವ ಮೂಳೆ, ಅದಕ್ಕೆ ಹೊಂದುವ ಕಾಲಿನ ನೋವು, ಇವೆರಡೂ ಇದ್ದವನಿಗೆ ಮಾತ್ರ ಕೂಡಿಸುವ ಆಪರೇಷನ್ನಿನಿಂದ ಉಪಯೋಗ ಎಂದರು.

“ಇವತ್ತು ಇಪ್ಪತ್ತೆರಡು ಜನ ಬಂದಿದ್ರು. ಆಪರೇಷನ್ ಬೇಕಾದೋರು ಇಬ್ಬರು. ಬೇಡದೋರಿಗೆ ಮಾಡೋದು ತಪ್ಪು. ಬೇಕಾದವನನ್ನ ವಾಪಸ್ ಕಳಿಸೋದೂ ಅಷ್ಟೇ ತಪ್ಪು. ನೀನು ಕೂಗಿ ಕೂಗಿ ನನ್ನ ಕೈಲಿ ಆ ತಪ್ಪು ಮಾಡಿಸ್ತಿದ್ದೆ.” ಆಮೇಲೆ ಕೇಳಿದರು: “ಬೀಡಿ ಎಷ್ಟು ಸೇದ್ತೀಯ?”

ಎರಡು ಮೂರು ಅನ್ನೋಣವೆಂದು ಗೋಪಾಲಪ್ಪನ ಬಾಯಿಗೆ ಬಂದಿತ್ತು.

“ಒಂದು ಕಟ್ಟು ಸಾರ್. ಕೆಲವು ದಿನ ಒಂದೂವರೆ.”

“ನಿನ್ನ ಸೊಂಟದ ಎಲುಬಿನಿಂದಲೇ ಚೂರು ತೆಗೆದು ಅಲ್ಲಿ ಇಡ್ತೀವಿ. ಅದು ಕೂಡಬೇಕು. ಬೀಡಿ ಸೇದೋರಿಗೆ ಸರಿಯಾಗಿ ಕೂಡಲ್ಲ. ಮೂರು ತಿಂಗಳು ಬೀಡಿ ಬಿಟ್ಟು ಬಾ, ಮಾಡ್ತೀನಿ.”

“ಮಾವಿನ ಕಸಿ ಕಟ್ದಂಗೆ ಅನ್ರಿ,” ಎಂದಳು ಮಾರಕ್ಕ. “ಅಲ್ಲಾಡ್ಸಂಗಿಲ್ಲ, ಒಗೆ ತಾಗ್ಸಂಗಿಲ್ಲ.”

“ಅಷ್ಟೇ ಕಣಮ್ಮ. ನಾನು ಇಷ್ಟು ವರ್ಷ ಇದನ್ನ ಉದ್ದಕ್ಕೆ ಹೇಳ್ತಿದ್ದೆ.”

ಬೀಡಿ ಬಿಡುವುದು ನೋವಿಗಿಂತ ಕಷ್ಟವಾಯಿತು. ಅನುಸೂಯಮ್ಮ ಅವನ ಜೇಬಿಗೆ ಹುರಿಗಡಲೆ ತುಂಬಿ ಕಳಿಸುತ್ತಿದ್ದಳು. ಎರಡು ಸಲ ತಪ್ಪಿದ. ಎರಡನ್ನೂ ಡಾಕ್ಟರಿಗೆ ಹೇಳಿದ. ಅವರು ಬೈದು, ಒಂದು ತಿಂಗಳು ಮುಂದಕ್ಕೆ ಹಾಕಿದರು. ಜೂನ್ ತಿಂಗಳಲ್ಲಿ ಆಪರೇಷನ್ ಆಯಿತು. ಆಮೇಲೆ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಕವಚ ಹಾಕಿ ತಿಂಗಳುಗಟ್ಟಲೆ ಮಲಗಿಸಿದರು. ಮಲಗಿದವನ ಬಾಯಿಗೆ ಅನುಸೂಯಮ್ಮ ಮುದ್ದೆ ಮುರಿದು ಇಟ್ಟಳು. ಶ್ಯಾಮಣ್ಣ ವಾರಕ್ಕೊಮ್ಮೆ ಬಂದು ಕಾರ್ಖಾನೆಯ ಸುದ್ದಿ ಹೇಳುತ್ತಿದ್ದ, ಮಾರಕ್ಕ ಬಂದಳೆಂದರೆ ಮಾತ್ರ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ.

ಮುಂದಿನ ಅವರೆಕಾಯಿ ಕಾಲಕ್ಕೆ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಮೂಳೆ ಕೂಡಿದೆ ಎಂದರು. ಭಾರ ಎತ್ತುವ ಹಾಗಿಲ್ಲ, ಗುದ್ದಲಿ ಹಿಡಿಯುವ ಹಾಗಿಲ್ಲ, ಸೊಂಟ ಮೊದಲಿನಷ್ಟು ಬಾಗುವುದೂ ಇಲ್ಲ. ಉಳಿದದ್ದೆಲ್ಲ ಮಾಡಬಹುದು. ಮಾರಕ್ಕ ಚೀಲದ ತುಂಬ ಸೊಗಡಿನ ಅವರೆಕಾಯಿಯನ್ನು ಅವರ ಮೇಜಿನ ಮೇಲಿಟ್ಟಳು. ಅವರು ಒಂದು ಕಾಯಿ ಎತ್ತಿ ಮೂಸಿದರು.

“ಅಮ್ಮ, ನೀವು ಒದೆಯದೆ ವಾಪಸ್ ಕಳಿಸಿದೋರು ಇನ್ನೂ ಯಾರಾದ್ರೂ ಇದ್ದಾರಾ?”

“ಮೂರು ಜನ ಅವ್ರೆ ಸ್ವಾಮಿ.”

“ಕರ್ಕೊಂಡು ಬನ್ನಿ. ಮೊದಲು ಅವರನ್ನ ನೋಡ್ತೀನಿ.”

ಮಾರಕ್ಕನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡಳು.

ಕಾರ್ಖಾನೆಯಲ್ಲಿ ಗೋಪಾಲಪ್ಪನಿಗೆ ಮಿಷನ್ ಬಿಡಿಸಿ, ಒತ್ತಿದ ತಗಡುಗಳನ್ನು ಪರೀಕ್ಷಿಸುವ ಮೇಜಿನ ಕೆಲಸ ಕೊಟ್ಟರು. ಮೊದಲ ದಿನ ಸಂಜೆ ಅತ್ತಿಬೆಲೆಯ ಬಸ್‌ಸ್ಟಾಪಿಗೆ ಬಂದ. ಕಲ್ಲುಬೆಂಚು ಖಾಲಿಯಿತ್ತು, ಕೂರಲಿಲ್ಲ. ಚಪ್ಪಲಿ ಕಳಚಿ ಎರಡೂ ಪಾದ ಮಣ್ಣಿನ ಮೇಲೆ ಊರಿ ನಿಂತ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಕಾಲಿಗೆ ಏನೂ ಇಳಿಯಲಿಲ್ಲ. ಎದುರಿನ ಹೊಲದ ರಾಗಿ ಬಣವೆಯ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಅನುಸೂಯ, ಡಾಕ್ಟರು, ಅತ್ತೆ, ಒಬ್ಬೊಬ್ಬರಾಗಿ ನೆನಪಿಗೆ ಬಂದರು.

ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ ಕೂಗಿದ: “ಚಂದಾಪುರ, ಚಂದಾಪುರ! ಅಣ್ಣ, ಬರ್ತೀರಾ?”

“ನೀವು ಓಗ್ರಿ,” ಎಂದ ಗೋಪಾಲಪ್ಪ. “ಮುಂದಿನದ್ರಾಗೆ ಬತ್ತೀನಿ. ಇನ್ನೊಂದ್ ಸ್ವಲ್ಪ ಒತ್ತು ನಿಂತಿರ್ತೀನಿ.”