ಗೋಡೆಯಾಚೆಯ ಗಸಗಸೆ

ಹೆನೊವೇವಾ ಆ ವರ್ಷ ಗಸಗಸೆ ಬಿತ್ತಿದ್ದು ಕಳ್ಳತನ ಮಾಡುವವಳ ಹಾಗೆ, ಅದೂ ತನ್ನದೇ ಅಂಗಳದಲ್ಲಿ. ಪಾಯಸಕ್ಕೆ ಹಾಕುವ ಗಸಗಸೆಯಲ್ಲ. ಸೊನೋರಾದ ಬರಡು ಗುಡ್ಡಗಳಲ್ಲಿ ಚಳಿ ಇಳಿಯುವ ಹೊತ್ತಿಗೆ ತಾನಾಗಿ ಏಳುವ, ಬಿಸಿಲಿಗೆ ಬಾಯಿ ಬಿಟ್ಟು ಸಂಜೆಗೆ ಮುಚ್ಚಿಕೊಳ್ಳುವ ಬಂಗಾರದ ಬಣ್ಣದ ಗಸಗಸೆ. ಗುಡ್ಡದಲ್ಲಿ ಬೇಕಾದಷ್ಟಿದ್ದರೂ ಅವಳಿಗೆ ಅದು ಬೇಡ. ತನ್ನ ಮಣ್ಣಿನಲ್ಲಿ ತನ್ನ ಕೈಯಾರೆ ಬೆಳೆದದ್ದೇ ಆಗಬೇಕು, ಏಕೆಂದರೆ ಅದು ಹರಕೆಯ ಹೂವು.

ಹರಕೆ ಹೊತ್ತದ್ದು ಮಗ ಎಫ್ರೆನ್‌ಗಾಗಿ. ಅವನಿನ್ನೂ ತೊದಲುವ ಕೂಸಾಗಿದ್ದಾಗ ಚೇಳು ಕುಟುಕಿ, ನಾಲಿಗೆ ದಪ್ಪವಾಗಿ, ಬಾಯಲ್ಲಿ ನೊರೆ ಬಂದಿತ್ತು. ಇವನು ಬದುಕಿಕೊಂಡರೆ ಪ್ರತಿ ವರ್ಷ ನಿನ್ನ ಹಬ್ಬದ ಶುಕ್ರವಾರದಂದು ನನ್ನ ಅಂಗಳದ ಬಂಗಾರದ ಹೂವು ತಂದು ನಿನ್ನ ಪಾದಕ್ಕಿಡುತ್ತೇನೆ ಎಂದು ಅವಳು, ಶಿಲುಬೆಗೇರಿದ ಮಗನಿಗಾಗಿ ಅಳುವ ವ್ಯಾಕುಲ ಮಾತೆಯ ಮುಂದೆ ಹಣೆ ಚಚ್ಚಿಕೊಂಡಿದ್ದಳು. ಹುಡುಗ ಬದುಕಿದ. ಈಗ ಗಡಿಯ ತನಕ ಲಾರಿ ಓಡಿಸುತ್ತಾನೆ, ಅಮ್ಮನಿಗೆ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಹೂವು ಒಂದು ವರ್ಷ ತಪ್ಪಿದರೂ ಆ ಫೋನ್ ನಿಲ್ಲುತ್ತದೆ ಎಂದು ಹೆನೊವೇವಾ ಖಂಡಿತವಾಗಿ ನಂಬಿದ್ದಳು.

ಇಷ್ಟು ವರ್ಷ ಹೂವು ಬೆಳೆಯುತ್ತಿದ್ದದ್ದು ಹಿತ್ತಲಲ್ಲಿ, ಮುಳ್ಳುಕೊಂಬೆಯ ಬೇಲಿಯೊಳಗೆ. ಆದರೆ ಈ ಸಲ ಗಂಡ ಲಿಬ್ರಾದೊ ತನ್ನ ಹಳೆಯ ಟ್ರಕ್ಕಿಗೆ ನೆಲೆ ಬೇಕೆಂದು ಹಿತ್ತಲಿಗೆ ಸಿಮೆಂಟು ಸುರಿಸಿಬಿಟ್ಟಿದ್ದ. ಅದಕ್ಕಾಗಿ ಅವನಿಗೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಉಳಿದದ್ದು ಮುಂದಿನ ಅಂಗಳ, ಬೀದಿಯ ಕಣ್ಣೆಲ್ಲ ಬೀಳುವ ಜಾಗ. ಅಲ್ಲಿ ಕಲ್ಲಿಟ್ಟು ಮಡಿ ಮಾಡಿದರೆ ಬೀಜ ಇಲ್ಲಿದೆ ಎಂದು ಡಂಗುರ ಸಾರಿದ ಹಾಗೆ. ಕೆಟ್ಟ ಕಣ್ಣು ಬೀಳಬಹುದು, ಯಾರಾದರೂ ಕೆರೆದುಕೊಂಡು ಹೋಗಬಹುದು. ಹಾಗಾಗಿ ಅವಳು ಕಲ್ಲೂ ಇಡಲಿಲ್ಲ, ಮುಳ್ಳೂ ಇಡಲಿಲ್ಲ. ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಮರಳಿನೊಂದಿಗೆ ಬೆರೆಸಿ ಚೆಲ್ಲಿದಳು, ಬರಿಗಾಲಲ್ಲಿ ತುಳಿದಳು. ಆಮೇಲೆ ಹೆಜ್ಜೆಗುರುತು ಕಾಣದಿರಲೆಂದು ಅದರ ಮೇಲೆ ಪೊರಕೆ ಆಡಿಸಿದಳು. ತಾನು ಬಹಳ ಜಾಣೆ ಎನ್ನಿಸಿತು.

ಬಾತಾಮೊತೆ ಊರಿನಲ್ಲಿ ಹೆಂಗಸಿನ ಯೋಗ್ಯತೆಯನ್ನು ಅವಳ ಅಂಗಳದಲ್ಲಿ ಅಳೆಯುತ್ತಾರೆ. ಬೆಳಕು ಹರಿಯುವ ಮೊದಲೇ ಪೊರಕೆಯ ಸದ್ದು ಕೇಳಬೇಕು, ಮಣ್ಣು ರೊಟ್ಟಿ ಹಂಚಿನ ಹಾಗೆ ನುಣ್ಣಗಿರಬೇಕು. ಹೆನೊವೇವಾಳ ಕೈ ಅರ್ಧ ನಿದ್ದೆಯಲ್ಲೇ ಗುಡಿಸುತ್ತಿತ್ತು. ಗುಡಿಸಿದ್ದನ್ನು ಮೊರಕ್ಕೆ ತುಂಬಿ ಪಕ್ಕದ ಗೋಡೆಯಾಚೆ ಎಸೆಯುವುದು ಅವಳ ಅತ್ತೆಯ ಕಾಲದಿಂದ ಬಂದ ರೂಢಿ. ಗೋಡೆಯಾಚೆ ಬ್ರಿಹಿದಾಳ ಮನೆಯ ಸಂದು. ಗೊರಚಲು ಕಲ್ಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಬ್ರಿಹಿದಾ ಎಫ್ರೆನ್‌ನ ಜ್ಞಾನತಾಯಿ, ಗುಡಿಯಲ್ಲಿ ತಲೆಗೆ ನೀರು ಹಾಕಿಸಿ ಹೆಸರಿಡುವಾಗ ಅವನನ್ನು ಎತ್ತಿಕೊಂಡಿದ್ದವಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಆ ಸಂಬಂಧ ರಕ್ತಕ್ಕಿಂತ ದೊಡ್ಡದೆಂದು ಊರು ಹೇಳುತ್ತದೆ. ಹಾಗಿದ್ದೂ ಸಂಶಯಕ್ಕೆ ಮೊದಲು ಸಿಕ್ಕವಳು ಅವಳೇ.

ಚಳಿಗಾಲದ ಜಿನುಗುಮಳೆ ಬಂದು ಹೋಯಿತು. ಗುಡ್ಡದಲ್ಲಿ ಬೂದುಹಸಿರಿನ ಸಣ್ಣ ಎಲೆಗಳು ಎದ್ದವು. ಹೆನೊವೇವಾಳ ಅಂಗಳದಲ್ಲಿ ಒಂದೂ ಇಲ್ಲ. ಈ ಗಿಡಕ್ಕೆ ಗೊಬ್ಬರ ಬೇಡ, ನೀರು ಹೆಚ್ಚಾದರೆ ಕೊಳೆಯುತ್ತದೆ, ಕಿತ್ತು ನೆಟ್ಟರೆ ಸಾಯುತ್ತದೆ. ಬಿತ್ತಿದವಳು ಕಾಯುವುದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲ, ಕಾಯುವವರ ತಲೆಯಲ್ಲಿ ಸೈತಾನ ಬಿಡಾರ ಹೂಡುತ್ತಾನೆ. ಮೊದಲು ಇರುವೆಗಳ ಮೇಲೆ ಅನುಮಾನಪಟ್ಟಳು, ಆಮೇಲೆ ಲಾವುಗೆ ಹಕ್ಕಿಗಳ ಮೇಲೆ. ಆಮೇಲೆ ನೆನಪಾಯಿತು. ಬಿತ್ತಿದ ವಾರದಲ್ಲೇ ಬ್ರಿಹಿದಾ, ಈ ಸಲ ಎಲ್ಲಿ ಹಾಕಿದೆ ಹೂವು ಎಂದು ಕೇಳಿದ್ದಳು. ಕೇಳಬೇಕಾದ ಅಗತ್ಯವೇನಿತ್ತು?

ನೋಡುತ್ತ ಹೋದ ಹಾಗೆ ಇನ್ನಷ್ಟು ಕಂಡಿತು. ಬ್ರಿಹಿದಾ ಗೋಡೆಯ ಮೇಲೆ ಬಟ್ಟೆ ಹರವುವುದನ್ನು ನಿಲ್ಲಿಸಿದ್ದಳು. ಎಂದೂ ಕಟ್ಟದ ಕೋಳಿಗಳನ್ನು ಗೂಡಿಗೆ ಹಾಕಿದ್ದಳು. ಸಂದಿನ ಬಾಯಿಗೆ ಮುಳ್ಳುಕೊಂಬೆ ಅಡ್ಡ ಬಂದಿತ್ತು. ಕಾಫಿಗೆಂದು ಹೋದರೆ ಮೊದಲಿನಂತೆ ಹೊರಗಿನ ನೆರಳಲ್ಲಿ ಕೂರಿಸದೆ ಒಳಗೆ ಕರೆಯುತ್ತಿದ್ದಳು.

ಹೆನೊವೇವಾ ಇದನ್ನೆಲ್ಲ ಗಂಡನ ಮುಂದೆ ಒಪ್ಪಿಸಿದಳು. ಲಿಬ್ರಾದೊ ಚಮಚವನ್ನು ಚೀಸ್ ಸಾರಿನಲ್ಲಿ ಅದ್ದಿಟ್ಟು ಅವಳ ಮುಖ ನೋಡಿದ.

"ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿಯಂತೆ. ನಿಂಗೆ ಹಳದಿ ಹೂವೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಾಣ್ತಿದೆ ನೋಡು."

"ಸಿಮೆಂಟು ಹಾಕ್ಸಿದೋನು ಮಾತಾಡ್ಬಾರ್ದು," ಎಂದಳು ಹೆನೊವೇವಾ. ಅವನು ಮತ್ತೆ ಚಮಚ ಎತ್ತಿಕೊಂಡ.

ಹಬ್ಬಕ್ಕೆ ವಾರವಿರುವಾಗ ಅವಳು ಖಾಲಿ ಎಣ್ಣೆ ಡಬ್ಬ ಕವುಚಿ ಹತ್ತಿ ಗೋಡೆಯಾಚೆ ಇಣುಕಿದಳು. ಬುಡದುದ್ದಕ್ಕೂ, ಗೊರಚಲಿನ ನಡುವೆ, ಗಸಗಸೆ ಅರಳಿ ನಿಂತಿತ್ತು. ಅದೇ ಬಣ್ಣ, ಒಳಗೆ ಕೇಸರಿ ಉಂಗುರವಿರುವ ಅದೇ ತಳಿ. ಗುಡ್ಡದ ಹೂವಿಗೆ ಆ ಉಂಗುರ ಇಷ್ಟು ಗಾಢವಾಗಿರುವುದಿಲ್ಲ. ಬ್ರಿಹಿದಾಳ ಹಿರಿಯ ಮಗನೂ ಲಾರಿಯನ್ನೇ ಓಡಿಸುತ್ತಿದ್ದ. ಬೀಜ ಕದ್ದದ್ದು ಯಾಕೆಂದು ಇನ್ನು ಯೋಚಿಸಬೇಕಾಗಿರಲಿಲ್ಲ. ಎಫ್ರೆನ್‌ನ ತಲೆಯ ಮೇಲಿನ ರಕ್ಷೆಯನ್ನು ಆಕೆ ತನ್ನ ಮಗನ ತಲೆಗೆ ಎಳೆದುಕೊಂಡಿದ್ದಾಳೆ.

ಆ ಭಾನುವಾರ ಎಫ್ರೆನ್‌ನ ಫೋನ್ ಬರಲಿಲ್ಲ. ಸೋಮವಾರ ಬಂತು. ದಾರಿಯಲ್ಲಿ ಸಿಗ್ನಲ್ ಇರಲಿಲ್ಲವಂತೆ. ಅವಳು ಅದನ್ನೂ ನಂಬಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಮರುದಿನದ ತಮಾಲೆ ಕಡುಬಿಗೆ ಮುಸುಕಿನ ಜೋಳವನ್ನು ಸಿಪ್ಪೆ ಬಿಡಲೆಂದು ಸುಣ್ಣದ ನೀರಿನಲ್ಲಿ ಬೇಯಿಸಿ ಇಳಿಸಿದ್ದಳು. ಬ್ರಿಹಿದಾ ಗುಡಿ ತೊಳೆಯಲು ಹೋಗಿದ್ದಳು. ಹೆನೊವೇವಾ ಮತ್ತೆ ಡಬ್ಬ ಹತ್ತಿ ನೋಡಿದಳು. ಅರ್ಧಕ್ಕರ್ಧ ಹೂವು ಇರಲಿಲ್ಲ, ಬರೀ ಕತ್ತರಿಸಿದ ದಂಟು. ಹಾಗಾದರೆ ನಾಳೆ, ಮನೆಮನೆಯಲ್ಲೂ ಮಾತೆಗೆ ಪೀಠ ಕಟ್ಟುವ ದಿನ, ಅವು ಬ್ರಿಹಿದಾಳ ಮನೆಯ ಪೀಠದಲ್ಲಿ ಮೆರೆಯುತ್ತವೆ, ಊರೆಲ್ಲ ಬಂದು ನೋಡುತ್ತದೆ. ಹೆನೊವೇವಾ ಇಳಿದು ಹೋಗಿ ಜೋಳ ಬಸಿದು, ಕುದಿ ಆರದ ಸುಣ್ಣದ ನೀರನ್ನು ಹಿಡಿಕೆಯಿರುವ ಪಾತ್ರೆಯಲ್ಲಿ ಹೊತ್ತು ತಂದು, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಸುರಿದಳು. ಹೂವುಗಳು ಸದ್ದಿಲ್ಲದೆ ಮಲಗಿದವು. ಒಂದು ಕ್ಷಣ ಹಾಯೆನ್ನಿಸಿತು, ಆಮೇಲೆ ಖಾಲಿ ಪಾತ್ರೆ ಹಿಡಿದು ಅತ್ತ ನೋಡದೆ ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಅವಳ ಪೀಠ ಸಿದ್ಧವಾಗಿತ್ತು. ಕಪ್ಪು ಸೆರಗಿನ ಮಾತೆ, ನೇರಳೆ ಬಟ್ಟೆ, ತಟ್ಟೆಯಲ್ಲಿ ಮೊಳಕೆ ಬರಿಸಿದ ಗೋಧಿ, ಕಿತ್ತಳೆ ಹಣ್ಣು. ಪಾದದ ಬಳಿ ಖಾಲಿ ಜಾಡಿ. ಹೆನೊವೇವಾ ಅದರ ಮುಂದೆ ಕೂತು ಮಗನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಗಾಡಿ ಓಡಿಸುವಾಗ ಎತ್ತಬೇಡ ಎಂದು ಹೇಳಿಕೊಟ್ಟವಳು ತಾನೇ ಎಂಬುದೂ ಅವಳಿಗೆ ನೆನಪಾಗಲಿಲ್ಲ.

ಬಾಗಿಲಲ್ಲಿ ಬ್ರಿಹಿದಾ ನಿಂತಿದ್ದಳು. ಕೈಯಲ್ಲಿ ನೀರು ತುಂಬಿದ ಬೋಗುಣಿ, ಬೋಗುಣಿಯ ತುಂಬ ಆಗಷ್ಟೇ ಬಾಯಿ ಬಿಡುತ್ತಿದ್ದ ಬಂಗಾರದ ಗಸಗಸೆ.

"ನಿನ್ನೆ ಬೆಳಗಾಗೋಕೆ ಮುಂಚೆ ಕೊಯ್ದೆ ಕೊಮಾದ್ರೆ, ಮುಚ್ಕೊಂಡಿರುವಾಗ್ಲೇ. ಅರಳಿದ ಮೇಲೆ ಕೊಯ್ದರೆ ಎಸಳು ಉದುರತ್ತೆ ಅಂತ ನೀನೇ ಹೇಳ್ತಿದ್ದೆ. ತಗೋ, ಹರಕೆ ಹೂವು."

ಹೆನೊವೇವಾ ಬೋಗುಣಿಗೆ ಕೈ ಚಾಚಲಿಲ್ಲ. ಅದು ನಿನ್ನ ಅಂಗಳದ್ದಲ್ಲವೇ, ನನಗೆ ಸಲ್ಲುವುದಿಲ್ಲ ಎಂದಷ್ಟೇ ಹೇಳಿದಳು.

"ನನ್ನದು ಹೇಗಾಗತ್ತೆ? ದಿನಾ ಬೆಳಿಗ್ಗೆ ಅಂಗಳ ಕೆತ್ತಿದ ಹಾಗೆ ಗುಡ್ಸಿ, ಮೊರದ ತುಂಬ ನನ್ನ ಸಂದಿಗೆ ಎಸೆಯೋಳು ನೀನು. ಮೂವತ್ತು ವರ್ಷದಿಂದ ನಿನ್ನ ಧೂಳು ಕುಡಿದಿದೀನಿ. ಈ ವರ್ಷ ಧೂಳಿನ ಜೊತೆ ಬೀಜಾನೂ ಬಂತು. ನಿನ್ನ ಮಣ್ಣು, ನಿನ್ನ ಬೀಜ, ಎಸೆದಿದ್ದೂ ನಿನ್ನ ಕೈಯೇ. ಮಾತೆಗೆ ಅಷ್ಟೂ ಗೊತ್ತಾಗಲ್ವಾ?"

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೂವು ಅರಳೋಕೆ ಮುಂಚೇನೇ ಬೇಡ ಅಂತಿದ್ದೆ, ನನ್ನ ಅಂಗಳದ್ದು ಅಂತ. ಕೋಳಿ ಕಟ್ಟಿ, ಮುಳ್ಳು ಅಡ್ಡ ಇಟ್ಟು ಕಾದೆ. ಅವನು ನನಗೂ ಮಗನೇ ಕಣೇ."

ಬ್ರಿಹಿದಾ ಮುಂದೆ ಬಂದು ಮಂಡಿಯೂರಿ ಹೂವನ್ನು ಜಾಡಿಗೆ ಜೋಡಿಸತೊಡಗಿದಳು. ಉಳಿದ ಗಿಡಗಳು ನಿನ್ನೆ ಸುಟ್ಟು ಹೋಗಿವೆ, ಬಿಸಿಲಿಗಿರಬೇಕು ಅಥವಾ ಇರುವೆಗಿರಬೇಕು ಎಂದು ಹೂವಿನ ಕಡೆಗೇ ನೋಡುತ್ತ ಹೇಳಿದಳು. ಆಗ ಹೆನೊವೇವಾ ಅವಳ ಲಂಗದ ಅಂಚು ನೋಡಿದಳು. ಕಪ್ಪು ಬಟ್ಟೆಯ ಮೇಲೆ ಒಣಗಿದ ಸುಣ್ಣದ ಬಿಳಿ ಗೆರೆ, ಉಗುರಿನ ಸಂದಿಯಲ್ಲೂ ಅದೇ ಬಿಳಿ. ಸತ್ತ ಗಿಡಗಳನ್ನು ಬ್ರಿಹಿದಾ ಕೈಯಿಂದ ಮುಟ್ಟಿ ನೋಡಿದ್ದಾಳೆ. ನಿನ್ನೆ ಬೀದಿಯಲ್ಲಿ ಜೋಳ ಬೇಯಿಸಿದ ಮನೆ ಒಂದೇ, ಅದರ ವಾಸನೆ ಗುಡಿಯವರೆಗೂ ಹೋಗಿತ್ತು. ಎಲ್ಲ ತಿಳಿದೂ ಬೋಗುಣಿ ಹಿಡಿದು ಬಂದಿದ್ದಾಳೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹೆನೊವೇವಾಳದು ಅದೇ ಸ್ಥಿತಿ. ನಾಚಿಕೆ ಎದೆಯಿಂದ ಕಿವಿಯವರೆಗೆ ಸುಟ್ಟುಕೊಂಡು ಏರಿತು.

"ನಾನೇ ಸುರಿದಿದ್ದು. ನೀನು ಕದ್ದೆ ಅಂದ್ಕೊಂಡೆ."

"ಗೊತ್ತು," ಎಂದಳು ಬ್ರಿಹಿದಾ. ಕೊನೆಯ ಹೂವನ್ನು ಇಟ್ಟು ಎದ್ದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಕೊಯ್ದ ಹೂವಲ್ಲಿ ಬೀಜ ಕಟ್ಟಲ್ಲ. ನಿನ್ನ ಡಬ್ಬಿ ಖಾಲಿ. ಆ ಮೂಲೇಲಿ, ಕಲ್ಲಿನ ಮರೆಯಲ್ಲಿ ಒಂದೇ ಒಂದು ಗಿಡ ಉಳಿದಿದೆ. ಮುಂದಿನ ವರ್ಷದ ಹರಕೆ ಅದರ ಕಾಯೊಳಗಿದೆ. ನಾಳೆಯಿಂದ ನೀನೇ ಬಂದು ಕಾಯಿ."

ಮರುದಿನ ಲಿಬ್ರಾದೊಗೆ ಎಚ್ಚರವಾದದ್ದು ಪೊರಕೆಯ ಸದ್ದಿಗೆ, ಆದರೆ ಅದು ಹೆಂಡತಿಯ ಕೈಯ ಸದ್ದಲ್ಲ. ಎದ್ದು ನೋಡಿದರೆ ಅವನ ಅಂಗಳವನ್ನು ಬ್ರಿಹಿದಾ ಗುಡಿಸುತ್ತಿದ್ದಳು. ನಿನ್ನ ಹೆಂಡತಿಗೆ ಇನ್ನು ಕಾಯಿ ಒಡೆಯುವವರೆಗೆ ಬೇರೆ ಕೆಲಸವಿದೆ ಎಂದಳು.

ಹೆನೊವೇವಾ ಗೋಡೆಯಾಚೆ ಕುಕ್ಕರುಗಾಲಲ್ಲಿ ಕೂತು, ಉಳಿದ ಆ ಒಂದು ಗಿಡದ ಸುತ್ತ ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಬಿಳಿ ಕಲ್ಲು ಜೋಡಿಸುತ್ತಿದ್ದಳು. ಆಗಲೇ ಮೊರದ ತುಂಬ ಧೂಳು ಗೋಡೆ ಹಾರಿ ಬಂದು ಅವಳ ತಲೆಯ ಮೇಲೆ ಬಿತ್ತು. ಬ್ರಿಹಿದಾ ಮರೆತು ಎಸೆದಳೋ, ಬೇಕೆಂದೇ ಎಸೆದಳೋ, ಯಾರಿಗೆ ಗೊತ್ತು. ಹೆನೊವೇವಾ ಈ ಸಲ ಅದನ್ನು ಯೋಚಿಸಲು ಹೋಗಲಿಲ್ಲ. ಎರಡೂ ಕೈಯಿಂದ ಗಿಡವನ್ನು ಮುಚ್ಚಿ ಹಿಡಿದು, ಧೂಳು ಕೂರುವವರೆಗೆ ಬಾಯಿ ಬಿಗಿಹಿಡಿದು ಕೂತಳು.