ತಿರುವಿ ಹಾಕಿದ ಕೋಟು

ಬಟ್ಟೆ ಕುಗ್ಗಿರಬೇಕು. ಉಣ್ಣೆಯಲ್ಲವೇ, ಬಿಸಿನೀರಿಗೆ ಬಿದ್ದರೆ ಕುಗ್ಗುತ್ತದೆ. ಆದರೆ ಕುಗ್ಗುವ ಬಟ್ಟೆ ಎಲ್ಲ ಕಡೆಯೂ ಕುಗ್ಗಬೇಕಲ್ಲ, ತೋಳು ಮಾತ್ರ ಯಾಕೆ ಕುಗ್ಗಿತು? ಅಥವಾ ಯುದ್ಧ ಮುಗಿದ ಮೇಲೆ ಮಾವನ ಕೈಗಳೇ ಬೆಳೆದವೋ? ಅವರ ಬಾಯಿ ಬೆಳೆದದ್ದು ಬೀದಿಗೆಲ್ಲ ಗೊತ್ತು. ಕೈಯ ವಿಷಯ ಯಾರೂ ಹೇಳಿರಲಿಲ್ಲ.

ಊರಿನ ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಮಾವನ ಕೋಟು ಹರಡಿಕೊಂಡು ಅಳಿಯ ಬೆಳಗಿನಿಂದ ಹೀಗೆ ತನ್ನೊಳಗೇ ವಾದ ಮಾಡುತ್ತಿದ್ದ. ಸೈನಿಕರ ಹಳೆಯ ಕೋಟುಗಳನ್ನು ನೋಡಿ ಯಾವ ಕಾಲದ್ದು, ಯಾವ ದಳದ್ದು, ಅಸಲಿಯೋ ನಕಲಿಯೋ ಎಂದು ಹೇಳುವುದು ಅವನ ಕೆಲಸ. ಆ ಕೆಲಸಕ್ಕೆ ಮಾವ ಇಟ್ಟ ಹೆಸರು ‘ಬೆವರು ಮೂಸೋ ಉದ್ಯೋಗ’. ಮಗಳನ್ನು ಕೊಟ್ಟಾಗಿತ್ತು, ವಾಪಸ್ ಕೇಳುವಂತಿರಲಿಲ್ಲ. ಹಾಗಾಗಿ ಮಾತಿನಲ್ಲೇ ಬಡ್ಡಿ ವಸೂಲಿ ನಡೆಯುತ್ತಿತ್ತು.

ಈಗ ಸಂಗ್ರಹಾಲಯದಲ್ಲಿ ಊರಿನವರ ಯುದ್ಧಕಾಲದ ಕೋಟುಗಳ ಪ್ರದರ್ಶನ ಏರ್ಪಟ್ಟಿತ್ತು. ಪ್ರತಿ ಕೋಟಿನ ಕೆಳಗೂ ಒಂದು ಫಲಕ: ಯಾವ ವರ್ಷದ್ದು, ತೊಟ್ಟವರು ಯಾರು. ಫಲಕದಲ್ಲಿ ಏನಿರಬೇಕೆಂದು ಹೇಳುವವನು ಅಳಿಯನೇ. ನಗರಸಭೆಯ ಅಧ್ಯಕ್ಷರು ತಮ್ಮ ತಾತನದೆಂದು ತಂದ ಕೋಟಿನ ಕಾಲರಿನಲ್ಲಿ ನೈಲಾನ್ ದಾರ ಕಂಡು, ‘ಇದು ನಾಟಕದವರದ್ದು’ ಎಂದು ಅವರ ಮುಖದೆದುರೇ ಹೇಳಿದ್ದ. ಅಂದಿನಿಂದ ಊರಿನಲ್ಲಿ ಅವನ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅದಾದ ಮೇಲೆ ಅವನ ಹೆಂಡತಿ, ತವರಿನ ಟ್ರಂಕಿನ ತಳದಿಂದ ಅಪ್ಪನ ಕೋಟು ಎಳೆದು, ಅಪ್ಪನನ್ನು ಒಂದು ಮಾತೂ ಕೇಳದೆ ತಂದುಕೊಟ್ಟಿದ್ದಳು.

ಆ ಕೋಟಿನ ಕಥೆ ಕೇಳದವರು ಬೀದಿಯಲ್ಲಿ ಇರಲಿಲ್ಲ. ಬೆಳದಿಂಗಳ ರಾತ್ರಿ, ಬಾಂಬು ಬಿದ್ದು ಅರ್ಧ ಉಳಿದ ಸೇತುವೆ, ಹಿಂದೆ ಗಾಯಾಳುಗಳು ತುಂಬಿದ ಲಾರಿ, ದೀಪ ಹಚ್ಚುವಂತಿಲ್ಲ. ಕಥೆಯಲ್ಲಿ ಲಾರಿ ಇನ್ನೂ ಆ ದಡ ಮುಟ್ಟುವ ಮೊದಲೇ ಕೇಳುವವರ ಕೈಯ ಕಾಫಿ ಆರಿಹೋಗುತ್ತಿತ್ತು. ಮಾವನಿಗೆ ಸೇತುವೆ ಅಜ್ಜ ಎಂಬ ಹೆಸರು ಬಂದದ್ದೇ ಅದರಿಂದ. ಈ ಕಥೆ ಸುಳ್ಳಾದರೆ ಅವರಿಗೆ ಉಳಿಯುವುದು ಬೆನ್ನುನೋವು ಮಾತ್ರ.

ಅಳಿಯನಿಗೆ ಒಂದು ಅಭ್ಯಾಸವಿತ್ತು. ಯಾವ ಕೋಟು ಬಂದರೂ ಮೊದಲು ತಿರುವಿ, ಒಳಮೈ ಹೊರಗೆ ಮಾಡಿ, ಹಾಗೆಯೇ ಇಟ್ಟುಕೊಂಡು ನೋಡುತ್ತಿದ್ದ. ಹೊರಮೈ ಮನುಷ್ಯರ ಹಾಗೆ, ಬೇಕಾದ್ದನ್ನು ತೋರಿಸುತ್ತದೆ. ಒಳಹೊಲಿಗೆಗೆ ನಟನೆ ಬರುವುದಿಲ್ಲ ಎನ್ನುವುದು ಅವನ ನಂಬಿಕೆ. ಮಾವನ ಕೋಟಿನ ಒಳಗೆಲ್ಲ ಸರಿಯಾಗಿತ್ತು. ದಾರ ಹತ್ತಿಯದು. ಬಟ್ಟೆ ಉಳಿಸಲೆಂದು ಒಳಜೇಬು ಕೈಬಿಟ್ಟದ್ದು ಯುದ್ಧದ ಎರಡನೇ ವರ್ಷದಿಂದ, ಇದರಲ್ಲೂ ಒಳಜೇಬಿಲ್ಲ. ಕಾರ್ಖಾನೆಯ ಮುದ್ರೆ ಮಸುಕಾಗಿದ್ದರೂ ಇಸವಿ ಓದುವಂತಿತ್ತು. ಕೋಟು ಅಪ್ಪಟ. ಆ ತೋಳೊಂದು ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಅವನು ಊಟಕ್ಕೆ ಹೋಗಿರುತ್ತಿದ್ದ.

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮಾವ.

“ಈ ಕಡೆ ಹೋಗ್ತಿದ್ದೆ,” ಎಂದರು. ಆ ಕಡೆ ಸಂಗ್ರಹಾಲಯ ಬಿಟ್ಟರೆ ಇರುವುದು ಮರದ ಮಿಲ್ಲೊಂದೇ.

“ಬನ್ನಿ ಮಾವ, ಕೂತ್ಕೊಳಿ.”

“ಕೂರಲ್ಲ. ಮೂಸಿದ್ದಾಯ್ತಾ?”

“ನಡೀತಿದೆ.”

“ಏನಂತೆ ಕೋಟು?”

“ಕಾಲ ಸರಿಯಾಗಿದೆ. ತೋಳು ಮಾತ್ರ ಸ್ವಲ್ಪ...”

“ತೋಳಿಗೇನಾಯ್ತು? ಆಗ ನಾನು ಸಣ್ಣಕ್ಕಿದ್ದೆ.”

“ಸಣ್ಣಕ್ಕಿದ್ರೆ ಕೈ ಗಿಡ್ಡ ಆಗತ್ತಾ ಮಾವ?”

ಬೇರೆ ದಿನವಾಗಿದ್ದರೆ ಮಾವ ಒಂದಕ್ಕೆ ಎರಡು ಹೇಳುತ್ತಿದ್ದರು. ಇವತ್ತು ಕೋಟನ್ನು ನೋಡಿ, ಕಿಟಕಿಯನ್ನು ನೋಡಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. “ನೋಡು, ಹಳೇ ಬಟ್ಟೆ. ನುಸಿ ಹಿಡಿದಿದೆ ಅಂತ ಹೇಳಿ ವಾಪಸ್ ಕಳಿಸಿಬಿಡು. ಅವಳು ಸುಮ್ನೆ ತಂದುಬಿಟ್ಟಳು,” ಎಂದವರೇ ಬಂದ ದಾರಿಯಲ್ಲಿ ಹೋದರು.

ಅಷ್ಟು ವರ್ಷಗಳಲ್ಲಿ ಮಾವ ಅವನಲ್ಲಿ ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು. ಅಳಿಯ ಬಾಗಿಲು ಹಾಕಿ ಬಂದು, ಕೋಟನ್ನು ಮೊದಲ ಸಲ ಹೊರಮೈ ಹೊರಗೆ ಬರುವಂತೆ ತಿರುವಿದ. ಎದುರಿಗೆ ಹಿಡಿದ, ತಡೆಯಲಾರದೆ ತಾನೇ ತೊಟ್ಟುಕೊಂಡ. ಗುಂಡಿ ಹಾಕಲು ಹೋದಾಗ ಬೆರಳುಗಳು ಗಾಳಿಯಲ್ಲಿ ತಡಕಾಡಿದವು. ಗುಂಡಿ ಎಡಗಡೆ ಇತ್ತು. ಕಾಜ ಬಲಗಡೆ.

ಗಂಡಸರ ಕೋಟಿಗೆ ಗುಂಡಿ ಬಲಕ್ಕೆ. ಎಡಕ್ಕಿದ್ದರೆ ಹೆಂಗಸರದು. ಹೊಲಿಗೆ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಆದರೆ ಕೋಟು ತಿರುವಿಟ್ಟರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ; ಬೆಳಗಿನಿಂದ ಅವನು ನೋಡಿದ್ದು ಗುಂಡಿಯ ಹಿಂದಿನ ದಾರದ ಗಂಟುಗಳನ್ನು, ಅವು ಇರಬೇಕಾದ ಕಡೆಯೇ ಇದ್ದವು. ಎದೆಯ ಕೆಳಗಿನ ಮಡಿಕೆಯ ಹೊಲಿಗೆಗಳನ್ನು ದರ್ಜಿಯ ಶೋಕಿ ಎಂದುಕೊಂಡಿದ್ದ. ಅಧ್ಯಕ್ಷರ ತಾತನನ್ನು ನಾಟಕಕ್ಕೆ ಅಟ್ಟಿದ ಪಂಡಿತ, ಇಂಗು ತಿಂದ ಮಂಗನಂತೆ ಕನ್ನಡಿಯ ಮುಂದೆ ನಿಂತಿದ್ದ. ಹೆಂಗಸಿನ ಕೋಟು ತೊಟ್ಟುಕೊಂಡು.

ಆಗ ನೆನಪಾಯಿತು. ಮಾವ ಕಥೆ ಹೇಳುವಾಗ ಪ್ರತಿ ಸಲ “ಎರಡನೇ ಗೇರಿಗೆ ಹಾಕಿದೆ” ಎನ್ನುತ್ತಿದ್ದರು. ಪ್ರತಿ ಸಲವೂ ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು: “ಒಂದನೇದು. ಎರಡನೇದಾಗಿದ್ರೆ ಲಾರಿ ಹೊಳೇಲಿರ್ತಿತ್ತು.” ಎಲ್ಲರೂ ನಗುತ್ತಿದ್ದರು. ಕೇಳಿ ಕೇಳಿ ಬಾಯಿಪಾಠ ಆಗಿರಬೇಕು ಎಂದು ಅವನೂ ನಕ್ಕಿದ್ದ.

ಸಂಜೆ ಮಾವನ ಮನೆಗೆ ಹೋದ. ಮಾವ ಇರಲಿಲ್ಲ. ಅತ್ತೆ ಹಿತ್ತಿಲಲ್ಲಿ ನೀರಿನ ಪಂಪು ಬಿಚ್ಚಿ ಹರಡಿಕೊಂಡು ಕೂತಿದ್ದರು. ಮೊಣಕೈಯವರೆಗೆ ಗ್ರೀಸ್. ಆ ಮನೆಗೆ ರಿಪೇರಿಯವನು ಬಂದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಯಾಕೆಂದು ಕೇಳಿಯೂ ಇರಲಿಲ್ಲ.

“ಆ ಸ್ಪ್ಯಾನರ್ ಕೊಡಿ ಇಲ್ಲಿ. ಅದಲ್ಲ, ಚಿಕ್ಕದು,” ಎಂದರು ಅತ್ತೆ, ತಲೆ ಎತ್ತದೆ.

ಕೊಟ್ಟ. ಆಮೇಲೆ ಕೇಳಿದ: “ಅತ್ತೆ, ಮಾವ ಆ ಕೋಟಿನ ಗುಂಡಿ ಹಾಕ್ಕೊಂಡಿದ್ದನ್ನ ನೀವು ನೋಡಿದೀರಾ?”

“ಅವರ ಬಾಯಿಗೇ ಗುಂಡಿ ಇಲ್ಲ, ಇನ್ನು ಕೋಟಿಗೆ ಹಾಕ್ತಾರಾ?”

“ಯುದ್ಧದಲ್ಲಿ ಮಾವ ಏನು ಕೆಲಸ ಮಾಡ್ತಿದ್ರು?”

ಅತ್ತೆಯ ಕೈ ನಿಂತಿತು. “ಉಗ್ರಾಣದಲ್ಲಿದ್ರು. ಆಲೂಗಡ್ಡೆ ಮೂಟೆ ಎಣಿಸೋದು. ಅದೂ ಬೇಕಲ್ಲ? ಹೊಟ್ಟೆಗಿಲ್ದೆ ಯಾರು ಯುದ್ಧ ಮಾಡ್ತಾರೆ?” ಬೋಲ್ಟಿಗೆ ಊದಿ, ಸೆರಗಿನಿಂದ ಒರೆಸಿದರು. “ಸೇತುವೆ ದಾಟಿ ಬಂದ ಬೆಳಿಗ್ಗೆ ಆ ಉಗ್ರಾಣದ ಬಾಗಿಲಲ್ಲಿ ಒಂದು ಲಾರಿ ನಿಲ್ತು. ಡ್ರೈವರಿಗೆ ಕೈ ನಡುಗಿ ಲೋಟ ಹಿಡಿಯೋಕಾಗ್ತಿರಲಿಲ್ಲ. ನಿಮ್ಮ ಮಾವ ಹಿಡ್ಕೊಂಡು ಕುಡಿಸಿದ್ರು. ಏನಾಯ್ತು ಅಂತ ಕೇಳಿದ್ರು. ಅಷ್ಟೇ, ಒಂದೇ ಸಲ ಹೇಳಿದ್ದು.”

“ಆಮೇಲೆ?”

“ಆಮೇಲೆ ಅವರು ಹೇಳ್ತಿದಾರೆ. ಡ್ರೈವರಿಗೆ ಹೇಳೋಕೆ ಬರಲ್ಲ. ಅವರಿಗೆ ಹೇಳದೆ ಇರೋಕೆ ಬರಲ್ಲ.” ಅತ್ತೆ ಬೋಲ್ಟು ಕೂರಿಸಿ ಬಿಗಿ ಮಾಡಿದರು. “ಮೊದಮೊದಲು ಕೇಳೋಕಾಗ್ತಿರಲಿಲ್ಲ, ಎದ್ದು ಒಳಗೆ ಹೋಗ್ತಿದ್ದೆ. ಅವರು ಹೇಳ್ತಾ ಹೇಳ್ತಾ ಆ ರಾತ್ರಿ ಕಥೆ ಆಗೋಯ್ತು. ಈಗ ಗೇರ್ ತಪ್ಪು ಹೇಳಿದ್ರೆ ಮಾತ್ರ ಸಿಟ್ಟು ಬರತ್ತೆ. ಹೋಗಿ, ಸ್ವಿಚ್ ಹಾಕಿ ನೋಡಿ.”

ಪಂಪು ಒಂದೇ ಸಲಕ್ಕೆ ನೀರೆತ್ತಿತು.

ದಾರಿಯುದ್ದಕ್ಕೂ ಅಳಿಯ ಯೋಚಿಸಿದ. ನಿಜ ಬರೆದರೆ ಸೇತುವೆ ಅಜ್ಜ ನಾಳೆಯಿಂದ ಆಲೂಗಡ್ಡೆ ಅಜ್ಜ. ಸುಳ್ಳು ಬರೆದರೆ ಅಧ್ಯಕ್ಷರಿಗೆ ಮುಖ ತೋರಿಸುವುದು ಹೇಗೆ? ನುಸಿ ಎಂದು ವಾಪಸ್ ಕಳಿಸಿದರೆ ಹೆಂಡತಿ ಬಿಡುವುದಿಲ್ಲ. ನುಸಿ ಎಲ್ಲಿ ತೋರಿಸಿ ಎನ್ನುವವಳು ಅವಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ದಾರಿ ತೋರಿಸಿದ್ದು ಬೆಳಗಿನ ಅವನ ತಪ್ಪೇ.

ಪ್ರದರ್ಶನದ ದಿನ ಎಲ್ಲ ಕೋಟುಗಳೂ ಎದೆಯುಬ್ಬಿಸಿ ನಿಂತಿದ್ದವು. ನಡುವೆ ಒಂದು ಮಾತ್ರ ತಿರುವಿ ಹಾಕಿದ್ದು, ಒಳಹೊಲಿಗೆ, ಒಳಮುದ್ರೆ ಎಲ್ಲ ಕಾಣುವಂತೆ. ಕಾರ್ಖಾನೆಯ ಇಸವಿ ಜನ ಓದಲಿ ಎಂದು ಹಾಗಿಟ್ಟದ್ದು ಎಂಬ ವಿವರಣೆ. ಫಲಕಗಳಲ್ಲಿ ತೊಟ್ಟವರು ಯಾರು ಎಂಬ ಸಾಲೇ ಇರಲಿಲ್ಲ. ಇಸವಿ, ಮತ್ತು ಕೋಟು ಯಾವ ಮನೆಯದು, ಅಷ್ಟೇ. ಒಂದು ಮನೆಗಾಗಿ ಎಲ್ಲ ಮನೆಯವರ ಹೆಸರೂ ಹೋಗಿತ್ತು. ಮೇಲಧಿಕಾರಿ ಗೊಣಗಿದರು, ಹೆಸರು ಕಳೆದುಕೊಂಡ ಮನೆಯವರು ಅವನನ್ನು ಮೂಲೆಯಲ್ಲಿ ನಿಲ್ಲಿಸಿ ಬೈದರು. ಅವನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ.

ಮಾವ ಬಾಗಿಲಲ್ಲೇ ನಿಂತಿದ್ದರು. ಹೆಂಡತಿ ಅಪ್ಪನ ಕೈ ಹಿಡಿದು ಎಳೆತಂದಳು. ತಿರುವಿದ ಕೋಟು ಕಂಡದ್ದೇ ಅವರು ಅಳಿಯನ ಕಡೆ ತಿರುಗಿದರು.

“ಒಳಗಿಂದು ಹೊರಗೆ ಹಾಕಿದೀಯಲ್ಲೋ,” ಎಂದರು.

“ಅಸಲಿ ಗೊತ್ತಾಗೋದು ಅಲ್ಲೇ ಮಾವ.”

ಬೀದಿಯವರೆಲ್ಲ ಸುತ್ತ ನೆರೆದಿದ್ದರು. ಯಾರೋ ಕಥೆ ಹೇಳಿ ಎಂದರು. ಮಾವ ಗಂಟಲು ಸರಿಮಾಡಿಕೊಂಡರು. ಬೆಳದಿಂಗಳು ಬಂತು, ಸೇತುವೆ ಬಂತು, ಲಾರಿ ಬಂತು. “ಆಗ,” ಎಂದವರು ನಿಂತು, ಗುಂಪಿನ ಹಿಂದೆ ಕೈಚೀಲ ಹಿಡಿದು ನಿಂತಿದ್ದ ಅತ್ತೆಯತ್ತ ನೋಡಿದರು. “ಒಂದನೇ ಗೇರು,” ಎಂದರು.

ಅತ್ತೆ ಏನೂ ತಿದ್ದಲಿಲ್ಲ. ಅವರ ಎಡಗೈ ಮಾತ್ರ ಕೈಚೀಲದ ಹಿಡಿಯ ಮೇಲೆ, ಗೇರ್ ಹಾಕುವವರಂತೆ, ಸಣ್ಣಗೆ ಮುಂದಕ್ಕೆ ಸರಿಯಿತು.

“ನೋಡ್ರೀ, ಅಪ್ಪನ ಕೋಟು ಎಷ್ಟು ಚೆನ್ನಾಗಿ ಕಾಣ್ತಿದೆ,” ಎಂದಳು ಹೆಂಡತಿ, ಅವನ ಪಕ್ಕ ಬಂದು.

ಅವನು ಹ್ಞೂಂ ಎಂದ. ಆ ಕೋಟು ಅವಳ ಅಮ್ಮನದು ಎಂದು ಅವನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ.